ಹಸಿ ಸುಣ್ಣದ ಮೇಲೆ ಒಂದು ಬಂಗುಡೆ

ರಾತ್ರಿ ಹನ್ನೊಂದು ದಾಟಿದೆ. ದೀಪಾವಳಿ ಸಂಚಿಕೆ ಬೆಳಗಾಗುವುದರೊಳಗೆ ಮುದ್ರಣಕ್ಕೆ ಹೋಗಬೇಕು. ಹಬ್ಬದ ಬಗ್ಗೆ ಬರೆಯೋಣವೆಂದು ಕುಳಿತರೆ ಮಗಳ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಮೊನ್ನೆ ಅವಳ ತರಗತಿಯನ್ನು ಇಲ್ಲಿನ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದಿದ್ದರು. ಒಂದೇ ಚಿತ್ರದ ಮುಂದೆ ಅರ್ಧ ಗಂಟೆ ಕೂರಿಸಿದರಂತೆ. ಕಲಾವಿದೆಯೊಬ್ಬರು ಬಣ್ಣ ಅರೆದು ತೋರಿಸಿದರಂತೆ. "ಅಪ್ಪಾ, ನಿಮ್ಮ ಮಂಗಳೂರಿನಲ್ಲಿ ಇಂಥದ್ದು ಇರಲಿಲ್ಲವೇ?"

ಇತ್ತು. ಲೈಟ್‌ಹೌಸ್ ಗುಡ್ಡದ ಮೇಲೆ, ಸಂತ ಅಲೋಶಿಯಸ್ ಕಾಲೇಜಿನಲ್ಲಿ. 2024ರಿಂದ ಅದು ಡೀಮ್ಡ್ ವಿಶ್ವವಿದ್ಯಾಲಯ. 1913ರಲ್ಲಿ ಆರಂಭವಾದ ಅಲೋಶಿಯಂ ಎಂಬ ಸಂಗ್ರಹಾಲಯವೂ ಅಲ್ಲಿದೆ. ಆದರೆ ನಮ್ಮ ಡ್ರಾಯಿಂಗ್ ಮಾಸ್ಟರು ನಮ್ಮನ್ನು ಕರೆದೊಯ್ದದ್ದು ಅಲ್ಲಿನ ಚಾಪೆಲ್ಲಿಗೆ, ಅಂದರೆ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ. ಕತ್ತು ನೋಯುವವರೆಗೆ ಛಾವಣಿಯ ಚಿತ್ರಗಳನ್ನು ನೋಡಿದೆವು. ಇಟಲಿಯ ಬೆರ್ಗಾಮೊದಲ್ಲಿ ಚಿತ್ರಕಲೆ ಕಲಿತು ಜೆಸ್ವಿತ್ ಎಂಬ ಕ್ಯಾಥೊಲಿಕ್ ಸನ್ಯಾಸಿಗಳ ಸಭೆ ಸೇರಿದ ಅಂತೋನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಬರೆದದ್ದು ಅದೆಲ್ಲ. ಕ್ಯಾನ್ವಾಸಿನ ತೈಲಚಿತ್ರಗಳೂ ಇವೆ, ಹಸಿ ಗಾರೆಯ ಮೇಲೆ ಬರೆದ ಫ್ರೆಸ್ಕೊಗಳೂ ಇವೆ. ನಾಲ್ಕು ವರ್ಷಗಳ ಬಳಿಕ, 1905ರಲ್ಲಿ, ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ಮರಳಲಿಲ್ಲ. ಈ ವಯಸ್ಸಿನಲ್ಲಿ, ಇಷ್ಟು ದೂರದಲ್ಲಿ, ಆ ಸಂಗತಿ ನನ್ನನ್ನು ಬೇರೆಯೇ ರೀತಿ ತಟ್ಟುತ್ತದೆ.

ಮರುದಿನ ಮಾಸ್ಟರು ಒಬ್ಬೊಬ್ಬರಿಗೂ ಒಡೆದ ಹೆಂಚಿನ ತುಂಡು ಕೊಟ್ಟು, ಮೇಲೆ ಸುಣ್ಣ-ಹೊಯ್ಗೆಯ ಗಾರೆ ಬಳಿದರು. ಬಣ್ಣಕ್ಕೆ ನೀರಿನಲ್ಲಿ ಕದಡಿದ ಕಾವಿಮಣ್ಣು. "ಬೇಗ ಬರೆಯಿರಿ. ಸುಣ್ಣ ಯಾರಿಗೂ ಕಾಯುವುದಿಲ್ಲ" ಎಂದರು. ನಾನು ಬಂಗುಡೆ ಬರೆದೆ. ಕುಂಚ ತಾಗಿದ ಕೂಡಲೇ ಗಾರೆ ಬಣ್ಣವನ್ನು ಕುಡಿಯಿತು. ತಿದ್ದಲು ಅವಕಾಶವೇ ಇರಲಿಲ್ಲ, ಬಾಲ ವಾರೆಯಾಗಿಯೇ ಉಳಿಯಿತು. ಪಕ್ಕದ ಗೆಳೆಯ ಯೋಚಿಸುತ್ತಾ ಕುಳಿತು, ಮರುದಿನ ಒಣಗಿದ ಗಾರೆಯ ಮೇಲೆ ಸೊಗಸಾದ ದೋಣಿ ಬರೆದ. ವಾರ ಕಳೆದು ಮಾಸ್ಟರು ಎರಡನ್ನೂ ನಲ್ಲಿಯ ಕೆಳಗೆ ಹಿಡಿದರು. ದೋಣಿ ಕೆಂಪು ನೀರಾಗಿ ಹರಿದುಹೋಯಿತು, ಮೀನು ಅಲ್ಲಾಡಲಿಲ್ಲ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ, ಆಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ ಎಂದು ಅವರು ವಿವರಿಸಿದ್ದು ಆಮೇಲೆ. ಅಮ್ಮ ಆ ಹೆಂಚನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟರು. ಎಷ್ಟೋ ಮಳೆಗಾಲ ಅದು ಅಲ್ಲೇ ಇತ್ತು.

ಊರಿಗೆ ಹೋದಾಗ ಮಾಲ್‌ಗಳಿಗೆ ಸುತ್ತಿಸುವ ಮಕ್ಕಳನ್ನು ಒಂದು ಬೆಳಿಗ್ಗೆ ಆ ಗುಡ್ಡಕ್ಕೂ ಕರೆದೊಯ್ಯಿರಿ. ಅವಸರ ಮಾಡಬೇಡಿ, ಕೂರಿಸಿ.

ಇನ್ನು ಪ್ರಕಟಣೆಗಳು: ದೀಪಾವಳಿ ಕೂಟ ಬರುವ ಶನಿವಾರ ಸಂಜೆ 5ಕ್ಕೆ, ಎಂದಿನ ಸಭಾಂಗಣದಲ್ಲಿ, ಊಟಕ್ಕೆ ಗುರುವಾರದೊಳಗೆ ಹೆಸರು ಕೊಡಿ. ಕೂಟದ ದಿನ ಕನ್ನಡ ತರಗತಿ ಇಲ್ಲ. ರಾಜ್ಯೋತ್ಸವ ನಾಟಕದ ತಾಲೀಮು ಭಾನುವಾರ 10ಕ್ಕೆ. ಈ ಪತ್ರಿಕೆಯ ಪುಟ ಜೋಡಿಸುತ್ತಿದ್ದ ದಂಪತಿ ಈ ತಿಂಗಳು ಉಡುಪಿಗೆ ಮರಳುತ್ತಿದ್ದಾರೆ. ಅವರ ಕೆಲಸ ಯಾರಾದರೂ ವಹಿಸಿಕೊಳ್ಳದಿದ್ದರೆ ಮುಂದಿನ ಸಂಚಿಕೆ ಹೊರಬರುವುದು ಕಷ್ಟ. ದಯವಿಟ್ಟು ಮುಂದೆ ಬನ್ನಿ.

ಕೂಟದಲ್ಲಿ ಮಕ್ಕಳಿಂದ ಹಸಿ ಗಾರೆಯ ಮೇಲೆ ಚಿತ್ರ ಬರೆಸಬೇಕೆಂದಿದ್ದೇನೆ. ಸುಣ್ಣ ಕೈ ಸುಡುತ್ತದೆ, ಕೈಗವಸು ಹಾಕಿಕೊಂಡು ಗಾರೆ ಕಲಸಿ ಬಳಿಯಲು ಮೂವರು ದೊಡ್ಡವರು ಬೇಕು. ಹೆಂಚು ಇಲ್ಲಿ ಸಿಗುವುದಿಲ್ಲ. ಒಡೆದ ಮಣ್ಣಿನ ಹೂಕುಂಡವಿದ್ದರೆ ಎಸೆಯದೆ ತನ್ನಿ.