ಎರಡು ದಿನ ಮುದ್ದೆ ತಿರುವಬೇಡ

ಕ್ಯಾತ್ಸಂದ್ರ, ತುಮಕೂರು
ಭಾನುವಾರ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನೆ ಕೊಟ್ಟಿಗೆಯಲ್ಲಿ ನಿಂತು ಪಿಸುಗುಟ್ಟಿಕೊಂಡು ಫೋನ್ ಮಾಡಿದೆಯಲ್ಲ, ಹಸು ಕೂಗಿದ್ದು ಚೆನ್ನಾಗಿ ಕೇಳಿಸಿತು, ನಿನ್ನ ಮಾತು ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದರಲ್ಲಿ ಎರಡು ಮಾತು ರಾತ್ರಿಯೆಲ್ಲ ತಲೆಯಲ್ಲಿ ಸುತ್ತಿದವು. "ರಿಪೋರ್ಟಲ್ಲಿ ನಾಲ್ಕು ಅಂತ ಇದೆ ದೊಡ್ಡಮ್ಮ, ಕೊನೇ ಸ್ಟೇಜು" ಅಂದೆ. ಆಮೇಲೆ "ನಮ್ಮತ್ತೆಗೆ ಗೊತ್ತಾಗಬಾರದು" ಅಂದೆ. ಮತ್ತೆ ಫೋನ್ ಮಾಡಿದರೆ ನೀನೂ ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತೆ. ಅದಕ್ಕೇ ಬರೆದು ನಿನ್ನ ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊದಲು ಆ ನಾಲ್ಕರ ವಿಷಯ. ನಿನ್ನ ಎದೆಯ ಗಂಟಿನ ಸ್ಕ್ಯಾನ್ ರಿಪೋರ್ಟ್ ಮೊಬೈಲಿಗೆ ಕಳಿಸಿದೆಯಲ್ಲ, ಅದನ್ನು ಕನ್ನಡಕ ಹಾಕಿಕೊಂಡು ಓದಿದೆ. ಅದು ಸ್ಟೇಜ್ ಅಲ್ಲ ಮಗಳೇ. ಬೈ-ರ್ಯಾಡ್ಸ್ ಅಂತ, ಸ್ಕ್ಯಾನ್ ನೋಡಿದ ಡಾಕ್ಟರು ತಮಗೆ ಎಷ್ಟು ಅನುಮಾನ ಇದೆ ಅಂತ ಹಾಕುವ ನಂಬರು. ಸೊನ್ನೆಯಿಂದ ಆರರವರೆಗೆ ಇದೆ. ನಾಲ್ಕು ಅಂದರೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು, ಬಯಾಪ್ಸಿ ಮಾಡಬೇಕು ಅಂತ ಅರ್ಥ. ಅದರಲ್ಲೂ ನಿನ್ನದು 4ಎ. ಅಂಥ 100 ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು 2ರಿಂದ 10 ಅಂತ ಲೆಕ್ಕ. ಸ್ಟೇಜ್ ಅನ್ನುವುದು ಕ್ಯಾನ್ಸರ್ ಅಂತ ಗೊತ್ತಾದ ಮೇಲಿನ ಮಾತು. ಹಾಗಂತ ನಿನಗೆ ಏನೂ ಇಲ್ಲ ಅಂತ ನಾನು ಮಾತು ಕೊಡುವುದಿಲ್ಲ. ಅದನ್ನು ಸೂಜಿಯೇ ಹೇಳಬೇಕು.

ಇನ್ನು ನಿಮ್ಮತ್ತೆಯ ವಿಷಯ. ಇದಕ್ಕೆ ನನ್ನ ಕಥೆ ಹೇಳಬೇಕು, ನಿಮ್ಮಮ್ಮನಿಗೂ ಇದು ಪೂರ್ತಿ ಗೊತ್ತಿಲ್ಲ.

ನಾನು ಎಎನ್‌ಎಂ (ಹಳ್ಳಿಯ ನರ್ಸಮ್ಮ) ಆಗಿ ಎಷ್ಟು ಹಳ್ಳಿ ಸುತ್ತಿದ್ದೇನೆ ಅಂತ ನಿನಗೆ ಗೊತ್ತು. ಎದೆಯಲ್ಲಿ ಗಂಟು ಸಿಕ್ಕರೆ ಮುಚ್ಚಿಡಬೇಡಿ ಅಂತ ಕಂಡವರಿಗೆಲ್ಲ ಹೇಳಿದವಳು ನಾನು. ನನಗೇ 52ನೇ ವಯಸ್ಸಿಗೆ ಬಲಗಡೆ ಗಂಟು ಸಿಕ್ಕಾಗ ಮೂರು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಮೀಟಿಂಗ್ ಇದೆ ಅಂತ ಸುಳ್ಳು ಹೇಳಿ ಒಬ್ಬಳೇ ಹೋಗಿ ಬಯಾಪ್ಸಿ ಮಾಡಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್ ಬಂದೆ. ಸೂಜಿಯೇನೂ ದೊಡ್ಡ ನೋವಾಗಲಿಲ್ಲ. ಮಾರನೇ ದಿನ ಮನೆಗೆ ಎಂಟು ಜನ ನೆಂಟರು ಬಂದರು. ದೊಡ್ಡ ಪಾತ್ರೆಯಲ್ಲಿ ಮುದ್ದೆಗೆ ಇಟ್ಟಿತ್ತು. ನಮ್ಮತ್ತೆ ಕೋಲು ನನ್ನ ಕೈಗೆ ಕೊಟ್ಟರು. ಏನಂತ ಬೇಡ ಅನ್ನಲಿ? ಹೇಳಿದ್ದರೆ ತಾನೇ! ಮುದ್ದೆ ತಿರುವುವುದಕ್ಕೆ ಎಷ್ಟು ಬಲ ಬೇಕು ನಿನಗೇ ಗೊತ್ತು. ಹೆಗಲಿಂದ ಎದೆವರೆಗೂ ಬಿಗಿಯುತ್ತೆ. ಒಲೆ ಮುಂದೆಯೇ ಒಳಗೆ ಏನೋ ಬಿಸಿಯಾದ ಹಾಗಾಯಿತು. ರಾತ್ರಿ ನೋಡಿಕೊಂಡರೆ ಬಟ್ಟೆಯೆಲ್ಲ ರಕ್ತ, ಒಳಗೆ ನಿಂಬೆಹಣ್ಣಿನಷ್ಟು ಊತ. ರಕ್ತ ಒಳಗೇ ಹೆಪ್ಪುಗಟ್ಟಿತ್ತು. ಅದು ಕರಗುವುದಕ್ಕೆ ತಿಂಗಳ ಮೇಲಾಯಿತು. ರಿಪೋರ್ಟ್ ಏನೋ ಚೆನ್ನಾಗೇ ಬಂತು. ನೋವು ತಿಂದದ್ದು ಗಂಟಿನಿಂದಲ್ಲ, ಗುಟ್ಟಿನಿಂದ.

ಅದಕ್ಕೇ ಹೇಳುತ್ತೇನೆ, ಅತ್ತೆಗೆ ಹೇಳು. ನಿನಗೆ ನಾಚಿಕೆಯಾದರೆ ಅಳಿಯಂದಿರ ಬಾಯಲ್ಲಿ ಹೇಳಿಸು. ಹೇಳದೆ ಹೋದರೆ ಗುರುವಾರ ಸೂಜಿ ಹಾಕಿಸಿಕೊಂಡ ಮಾರನೇ ಬೆಳಿಗ್ಗೆ ಐದಕ್ಕೆ ಹಾಲು ಕರೆಯಬೇಕಾದವಳು ನೀನೇ. ಎಡಗಡೆ ಗಂಟು, ಬಲಗೈ ಇದೆಯಲ್ಲ ಅಂದೆ. ಒಂದು ಕೈಯಲ್ಲಿ ಯಾರಾದರೂ ಹಾಲು ಕರೆದದ್ದು ನೋಡಿದ್ದೀಯಾ? ಕ್ಯಾನು ಎತ್ತಿ ಡೇರಿಗೆ ಹೊರುವುದು, ಕಾಯಿ ಸುಲಿಯುವುದು, ನೀರಿನ ಕೊಡ, ಗ್ಯಾಸ್ ಸಿಲಿಂಡರು, ಮುದ್ದೆ ಕೋಲು, ಇವು ಯಾವುದನ್ನೂ ಎರಡು ದಿನ ಮುಟ್ಟಬೇಡ. ಮೂರನೇ ದಿನ ನೋವಿದ್ದರೆ ಮೂರನೇ ದಿನವೂ ಬೇಡ. ನಿಮ್ಮತ್ತೆ ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ನಿನ್ನ ಬಾಣಂತನದಲ್ಲಿ ನೋಡಿದ್ದೇನೆ.

ಅವರು ಒಂದು ಮಾತು ಅಂದೇ ಅನ್ನುತ್ತಾರೆ. "ಗಂಟಿಗೆ ಸೂಜಿ ಚುಚ್ಚಿದರೆ ಕೆದಕಿದ ಹಾಗೆ, ಮೈಯೆಲ್ಲ ಹರಡುತ್ತೆ." ಊರಲ್ಲಿ ಎಲ್ಲರೂ ಹೇಳುವ ಮಾತೇ ಇದು. ನಿಜವಲ್ಲ. ಸೂಜಿ ಹಾಕಿದ್ದರಿಂದ ಕಾಯಿಲೆ ಹಬ್ಬುವುದಿಲ್ಲ. ಏನು ಅಂತ ತಿಳಿಯದೆ ಸುಮ್ನೆ ಕೂತರೆ, ಇಲ್ಲಾ ಯಾರೋ ಹೇಳಿದರು ಅಂತ ಸೊಪ್ಪು ಅರೆದು ಕಟ್ಟುತ್ತಾ ವರ್ಷ ಕಳೆದರೆ, ಆಗ ಹಬ್ಬುತ್ತೆ. ಇನ್ನು ಕೆಲವರು "ಸೂಜಿ ಯಾಕೆ, ಗಂಟನ್ನೇ ಕೊಯ್ದು ತೆಗೆದುಬಿಡಿ" ಅಂತಾರೆ. ಅದಕ್ಕೂ ಒಪ್ಪಬೇಡ. ಮೊದಲು ಸೂಜಿ, ಏನು ಅಂತ ಗೊತ್ತಾದ ಮೇಲೆ ಆಪರೇಷನ್ ಬೇಕೋ ಬೇಡವೋ ಅನ್ನುವ ಮಾತು.

ಈಗ ಗುರುವಾರಕ್ಕೆ ಏನು ಮಾಡಬೇಕು ಕೇಳು. ನಿನಗೆ ಬರೆದಿರುವುದು ಕೋರ್ ಬಯಾಪ್ಸಿ, ಸ್ಕ್ಯಾನ್ ನೋಡಿಕೊಂಡು ಮಾಡುವುದು. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಅದಕ್ಕೆ ಉಪವಾಸ ಬೇಡ, ಊಟ ಮಾಡಿ ಬರಬೇಡ ಅಂತ ಅವರೇ ಅಂದಿದ್ದರೆ ಮಾತ್ರ ತಿನ್ನಬೇಡ. ನಾನು ಭಯಕ್ಕೆ ತುತ್ತು ಇಳಿಯದೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಮಂಚದಿಂದ ಏಳುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ನೀನು ನಮ್ಮನೆಗೆ ಬಂದು ಎರಡು ತಟ್ಟೆ ಇಡ್ಲಿ ತಿಂದೇ ಹೊರಡು. ಕ್ಯಾತ್ಸಂದ್ರದಲ್ಲಿದ್ದುಕೊಂಡು ಅಷ್ಟೂ ಮಾಡದಿದ್ದರೆ ಹೇಗೆ!

ಯಾವ ಮಾತ್ರೆ ನುಂಗುತ್ತೀಯ ಅಂತ ಡಾಕ್ಟರಿಗೆ ಮೊದಲೇ ಹೇಳು. ರಕ್ತ ತೆಳು ಮಾಡುವ ಮಾತ್ರೆ, ಎಕೋಸ್ಪ್ರಿನ್ ಥರದ್ದು, ತುಂಬ ಮುಖ್ಯ. ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತೀಯಲ್ಲ, ಅದರ ಹಾಳೆಯನ್ನೂ ತೋರಿಸು. ನೀನಾಗೇ ಯಾವುದನ್ನೂ ನಿಲ್ಲಿಸಬೇಡ. ಪ್ಲಾಸ್ಟರ್ ಅಂಟಿಸಿದರೆ ನಿನಗೆ ಕೆರೆತ ಬರುತ್ತಿತ್ತು, ಹಲ್ಲು ಕೀಳಿಸಿದಾಗ ಇಂಜೆಕ್ಷನ್‌ಗೆ ತಲೆ ಸುತ್ತಿತ್ತು, ಅದನ್ನೆಲ್ಲ ಹೇಳು. ಮುಟ್ಟು ತಪ್ಪಿದ್ದರೆ ಅದನ್ನೂ.

ಆ ದಿನ ಕಂಕುಳಿಗೆ, ಎದೆಗೆ ಪೌಡರು, ಸೆಂಟು, ಅರಿಶಿನ ಏನೂ ಬೇಡ. ಮುಂದೆ ಹುಕ್ ಇರುವ ರವಿಕೆ ಹಾಕಿಕೋ, ಸೊಂಟದಿಂದ ಮೇಲೆ ಮಾತ್ರ ತೆಗೆದರೆ ಸಾಕಾಗುತ್ತೆ. ಬಿಗಿಯಾಗಿ ಕೂರುವ ಒಂದು ಬ್ರಾ ಚೀಲದಲ್ಲಿ ಇಟ್ಟುಕೋ, ಓಡಾಡುವಾಗ ಅಲುಗದ ಹಾಗೆ ಹಿಡಿಯುವಂಥದ್ದು. ಮಾಂಗಲ್ಯ ಬಿಚ್ಚಿಸುತ್ತಾರೆ ಅಂತ ಹೆದರಬೇಡ, ಬೆನ್ನ ಕಡೆ ಎಳೆದುಕೊಂಡರೆ ಸಾಕು. ಹಳೇ ಸ್ಕ್ಯಾನು, ಆಧಾರ್, ರೇಷನ್ ಕಾರ್ಡು ಎಲ್ಲ ಒಂದೇ ಕವರಿನಲ್ಲಿರಲಿ. ಆಯುಷ್ಮಾನ್ ಕಾರ್ಡಿಗೆ ಈ ಪರೀಕ್ಷೆ ಸೇರುತ್ತೋ ಇಲ್ಲವೋ ಅಂತ ಆಸ್ಪತ್ರೆಯಲ್ಲಿ ಕಾರ್ಡಿನ ಕೆಲಸ ನೋಡುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿಬಿಡು.

ಒಳಗೆ ಏನಾಗುತ್ತೆ ಅಂದರೆ, ಕೈ ತಲೆಯ ಮೇಲೆ ಇಟ್ಟು ಮಲಗಿಸುತ್ತಾರೆ. ತಣ್ಣನೆ ಜೆಲ್ಲಿ ಹಚ್ಚಿ ಗಂಟು ಹುಡುಕುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೆಂಜಿಗ ಕಚ್ಚಿದ ಹಾಗೆ ಉರಿಯುತ್ತೆ. ಉರಿ ಅಂದರೆ ಅದೊಂದೇ. ಆಮೇಲೆ ಅಕ್ಕಿಕಾಳಿನಷ್ಟು ಚರ್ಮ ಸೀಳಿ ಸೂಜಿ ಬಿಡುತ್ತಾರೆ. ಚೂರು ತೆಗೆಯುವಾಗ ಟಕ್ ಅಂತ ಜೋರಾಗಿ ಸದ್ದಾಗುತ್ತೆ. ನಾನು ಬೆಚ್ಚಿಬಿದ್ದದ್ದು ಆ ಸದ್ದಿಗೆ, ನೋವಿಗಲ್ಲ. ಶುರು ಮಾಡುವ ಮೊದಲೇ ಒಂದು ಸಲ ಆ ಸದ್ದು ಕೇಳಿಸಿ ಅಂತ ಕೇಳು, ನಾಚಿಕೆ ಬೇಡ. ನಾಲ್ಕೈದು ಸಲ ತೆಗೆಯುತ್ತಾರೆ. ಶಾವಿಗೆ ಎಳೆಯ ತುಂಡಿನ ಹಾಗಿರುತ್ತೆ. ಮರಗಟ್ಟಿದ ಮೇಲೂ ಚುಚ್ಚಿದ ನೋವಾದರೆ ಬಾಯಿ ಬಿಟ್ಟು ಹೇಳು, ಇನ್ನೊಂದು ಸ್ವಲ್ಪ ಔಷಧಿ ಹಾಕುತ್ತಾರೆ. ಹಲ್ಲು ಕಚ್ಚಿಕೊಂಡಿದ್ದರೆ ಯಾರೂ ಬಹುಮಾನ ಕೊಡುವುದಿಲ್ಲ.

ಆಮೇಲೆ ಹತ್ತು ನಿಮಿಷ ಒತ್ತಿ ಹಿಡಿದು ಕಾಗದದ ಪಟ್ಟಿ ಅಂಟಿಸುತ್ತಾರೆ. ಹೊಲಿಗೆ ಇರುವುದಿಲ್ಲ. ಎಲ್ಲಾ ಸೇರಿ ಒಂದು ಗಂಟೆಯ ಒಳಗೆ ಮುಗಿಯುತ್ತೆ. ಚೂರು ಹಾಕಿದ ಸೀಸೆಯ ಮೇಲೆ ನಿನ್ನ ಹೆಸರು, ವಯಸ್ಸು, ಎಡಗಡೆ ಅಂತ ಸರಿಯಾಗಿ ಬರೆದಿದೆಯಾ ಅಂತ ಅಳಿಯಂದಿರು ನೋಡಲಿ. ಕೆಲಸದಲ್ಲಿದ್ದವಳು ನಾನು, ಲೇಬಲ್ ಅದಲುಬದಲಾದರೆ ಏನಾಗುತ್ತೆ ಅಂತ ಗೊತ್ತು.

ಗುಬ್ಬಿಗೆ ಅವತ್ತೇ ವಾಪಸ್ ಹೋಗಬೇಡ. ಇಪ್ಪತ್ತು ಕಿಲೋಮೀಟರ್ ತಾನೇ ಅಂತೀಯ, ಆಮೇಲೆ ತೋಟದ ದಾರಿಯಲ್ಲಿ ಬೈಕಿನ ಹಿಂದೆ ಕುಲುಕಿಕೊಂಡು ಹೋಗುವವಳು ನೀನೇ ಅಲ್ವಾ. ಎರಡು ರಾತ್ರಿ ಇಲ್ಲೇ ಇರು. ಐಸನ್ನು ಟವೆಲಿನಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟು, ಬಿಟ್ಟು, ಮತ್ತೆ ಇಡುತ್ತೇನೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ. ರಾತ್ರಿಯೂ ಬ್ರಾ ಹಾಕಿಕೊಂಡೇ ಮಲಗು. ಒಂದು ದಿನ ಪಟ್ಟಿ ನೆನೆಸಬಾರದು. ಮಾರನೇ ದಿನ ಮೇಲಿನ ಬ್ಯಾಂಡೇಜು ತೆಗೆದು ಸ್ನಾನ ಮಾಡಬಹುದು, ಕೆಳಗಿನ ಕಾಗದದ ಪಟ್ಟಿ ತಾನಾಗೇ ಬೀಳುವವರೆಗೆ ಕೀಳಬೇಡ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಏನೂ ಹಚ್ಚಬೇಡ, ನಿಮ್ಮತ್ತೆ ಹಚ್ಚುತ್ತೇನೆ ಅಂದರೂ. ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಆಮೇಲೆ ಹಸಿರು, ಹಳದಿ ಆಗಿ ಒಂದೆರಡು ವಾರದಲ್ಲಿ ಹೋಗುತ್ತೆ. ಅದಕ್ಕೆ ಗಾಬರಿ ಬೇಡ. ಜ್ವರ ಬಂದರೆ, ಕೆಂಪು ಹಬ್ಬಿದರೆ, ಕೀವು ಬಂದರೆ, ಊತ ಏರುತ್ತಾ ಹೋದರೆ, ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ರಾತ್ರಿ ಅಂತ ನೋಡದೆ ಆಸ್ಪತ್ರೆಗೆ.

ಕಷ್ಟ ಇರುವುದು ರಿಪೋರ್ಟಿಗೆ ಕಾಯುವ ದಿನಗಳಲ್ಲಿ. ಸಾಮಾನ್ಯವಾಗಿ ಒಂದು ವಾರ. ಇನ್ನೊಂದು ಪರೀಕ್ಷೆ ಬೇಕು ಅಂದರೆ ಇನ್ನಷ್ಟು ದಿನ. ತಡ ಆಯಿತು ಅಂದರೆ ಕೆಟ್ಟದ್ದೇ ಅಂತ ಅಂದುಕೊಳ್ಳಬೇಡ. ಮೊಬೈಲಿನಲ್ಲಿ ಹುಡುಕುತ್ತಾ ಕೂರಲೂ ಬೇಡ. ಬಂದಾಗ ಕೌಂಟರಿನಲ್ಲಿ ಇಸಿದುಕೊಂಡು ಬಸ್ಸಿನಲ್ಲಿ ಓದಬೇಡ, ಡಾಕ್ಟರ ಮುಂದೆ ಕೂತು ಓದಿಸಿಕೋ. ಸ್ಕ್ಯಾನಿಗೂ ಇದಕ್ಕೂ ತಾಳೆ ಆಗುತ್ತಾ ಅಂತ ಕೇಳು. ಆಗದಿದ್ದರೆ ಕೆಲವು ಸಲ ಮತ್ತೆ ಚೂರು ತೆಗೆಯಬೇಕಾಗುತ್ತೆ. ಏನೂ ಇಲ್ಲ ಅಂತ ಬಂದರೂ ಆರು ತಿಂಗಳಿಗೆ ಸ್ಕ್ಯಾನಿಗೆ ಬಾ ಅಂದರೆ ಹೋಗಲೇಬೇಕು. ಬೇರೆ ಥರ ಬಂದರೆ, ಲ್ಯಾಬಿನವರ ಹತ್ತಿರ ನಿನ್ನ ಚೂರಿನ ಸ್ಲೈಡು, ಬ್ಲಾಕು ಕೇಳಿ ತೆಗೆದುಕೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ. ನಾನೂ ಬರುತ್ತೇನೆ. ಈಗಲೇ ಅದರ ಯೋಚನೆ ಬೇಡ.

ಹಾಲು ಕರೆಯುವುದಕ್ಕೆ ನಿನ್ನ ತಮ್ಮ ಬುಧವಾರ ಸಂಜೆಯೇ ಬಂದು ಉಳಿಯುತ್ತಾನಂತೆ. ಹಸು ಒದೆಯುತ್ತೆ ಅಂತ ಅವನಿಗೆ ಮೊದಲೇ ಹೇಳಿಡು. ಗುರುವಾರ ಎಂಟು ಗಂಟೆಗೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಮುಂದೆ ಹುಕ್ ಇರುವ ನನ್ನ ಎರಡು ರವಿಕೆ ಒಗೆದು ಇಟ್ಟಿದ್ದೇನೆ. ನಿನಗೆ ಸಡಿಲ ಆಗುತ್ತೆ, ಆಗಲಿ, ಅದೇ ಬೇಕಾಗಿರುವುದು.

ಇಂತಿ ನಿನ್ನ
ದೊಡ್ಡಮ್ಮ