ಗೆಳೆಯನಿಗೊಂದು ಪತ್ರ: ಪ್ಯಾರಿಸ್ಸಿನ ಒಲೆಗೆ ಸೌದೆ ಕೊಟ್ಟ ಊರು

ಪ್ರಿಯ ಸೀನ,

ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ. ಹಿಂದಿನ ಬೆಂಚಿನ ಸಂಘದವರೂ ಓದಲಿ. ಭಟ್ಟರ ಕ್ಯಾಂಟೀನಿನ ಲೆಕ್ಕ ಮಾತ್ರ ಯಾರೂ ಇಲ್ಲಿ ಎತ್ತಬೇಡಿ.

ನಾನು ಹೋದ ಊರು ಕ್ಲಾಮ್ಸಿ. ಪ್ಯಾರಿಸ್ಸಿನಿಂದ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್. ಯೋನ್ ನದಿಗೆ ಬೊವ್ರೋನ್ ಅನ್ನೋ ಹೊಳೆ ಬಂದು ಸೇರುವ ಜಾಗ. ಮೇಲೆ ಸೇಂಟ್ ಮಾರ್ಟಿನ್ ಚರ್ಚಿನ ಗೋಪುರ, ಕೆಳಗೆ ಇಕ್ಕಟ್ಟು ಓಣಿಗಳು. ರಾಮಕೃಷ್ಣರ, ವಿವೇಕಾನಂದರ ಜೀವನ ಬರೆದ ರೋಮಾ ರೋಲಾ 1866ರಲ್ಲಿ ಹುಟ್ಟಿದ್ದು ಇಲ್ಲೇ. ಅಪ್ಪನ ಕಪಾಟಿನ ಆ ಪುಸ್ತಕಗಳ ನೆನಪಿನಲ್ಲಿ ಹೋದೆ. ಬೆತ್ಲೆಹೆಮ್ಮಿನ ಬಿಷಪ್ಪರು ತಮ್ಮ ಊರು ಬಿಟ್ಟು ಬಂದು, 13ನೇ ಶತಮಾನದಿಂದ ಫ್ರೆಂಚ್ ಕ್ರಾಂತಿಯವರೆಗೆ ನೆಲೆ ನಿಂತದ್ದೂ ಇದೇ ಊರಿನ ಸೇತುವೆಯಾಚೆ. ಅದು ದೊಡ್ಡ ಕಥೆ, ಸಿಕ್ಕಾಗ ಹೇಳುತ್ತೇನೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಸೌದೆ.

ಪ್ಯಾರಿಸ್ಸಿನ ಚಳಿಗೆ ಬೆಂಕಿ ಬೇಕು. ಸುತ್ತಲಿನ ಕಾಡು ಸಾಲದಾಯಿತು. ಮೊರ್ವಾನ್ ಬೆಟ್ಟಗಳಲ್ಲಿ ಮರ ಇತ್ತು, ದಾರಿ ಇರಲಿಲ್ಲ. ಹಾಗಾಗಿ ನೀರೇ ದಾರಿಯಾಯಿತು. ಕಡಿದ ಕೊರಡಿನ ತುದಿಗೆ ವ್ಯಾಪಾರಿಯ ಗುರುತನ್ನು ಸುತ್ತಿಗೆಯಿಂದ ಒತ್ತುತ್ತಿದ್ದರು. ಕೆರೆಗಳಲ್ಲಿ ತಡೆದಿಟ್ಟ ನೀರನ್ನು ಒಮ್ಮೆಗೇ ಬಿಟ್ಟು, ಸಣ್ಣ ಹಳ್ಳಗಳಲ್ಲಿ ಕೊರಡುಗಳನ್ನು ತೇಲಿಬಿಡುತ್ತಿದ್ದರು. ಕ್ಲಾಮ್ಸಿಯಲ್ಲಿ ಅವನ್ನು ಹಿಡಿದು, ಗುರುತು ನೋಡಿ ಬೇರ್ಪಡಿಸಿ, ದಡದಲ್ಲಿ ಒಟ್ಟಿ ಒಣಗಿಸುತ್ತಿದ್ದರು. ಆಮೇಲೆ ಹೊಸೆದ ಎಳೆ ಕೊಂಬೆಗಳಿಂದ ಬಿಗಿದು ತೆಪ್ಪ ಕಟ್ಟೋದು. ಒಂದೊಂದು ತೆಪ್ಪ ಸುಮಾರು 72 ಮೀಟರ್ ಉದ್ದ, ಸೀನ! ಅದನ್ನು ಪ್ಯಾರಿಸ್ಸಿಗೆ ಮುಟ್ಟಿಸಿ, ತೆಪ್ಪದವರು ನಡೆದುಕೊಂಡೇ ಊರಿಗೆ ವಾಪಸ್ಸು ಬರುತ್ತಿದ್ದರು. ಇದನ್ನು 1549ರಲ್ಲಿ ಶುರುಮಾಡಿದ ಹೆಸರು ಜಾನ್ ರೂವೆ ಎಂಬ ವ್ಯಾಪಾರಿಗೆ ಇದೆ. 300 ವರ್ಷಕ್ಕೂ ಜಾಸ್ತಿ ನಡೆಯಿತು.

ಸುಮ್ನೆ ತಲೆಬಾಗುವ ಜನ ಅಲ್ಲ ಇವರು. 1851ರ ಡಿಸೆಂಬರಿನಲ್ಲಿ ಅಧ್ಯಕ್ಷನಾಗಿದ್ದ ಲೂಯಿ ನೆಪೋಲಿಯನ್ನೇ ಗಣರಾಜ್ಯವನ್ನು ಉರುಳಿಸಿದಾಗ ಕ್ಲಾಮ್ಸಿ ತಿರುಗಿಬಿತ್ತು. ಸೈನ್ಯ ಬಂತು. ಎಷ್ಟೋ ಮಂದಿಯನ್ನು ಆಲ್ಜೀರಿಯಾಕ್ಕೆ, ಫ್ರೆಂಚ್ ಗಯಾನಾಕ್ಕೆ ಸಾಗಿಸಿದರು.

ನನ್ನನ್ನು ಕಾಡುತ್ತಿರುವುದು ಈ ತೆಪ್ಪದ ಕಸುಬಿನ ಕೊನೆ. ಊರಿನ ಪಕ್ಕದಲ್ಲೇ ನಿವರ್ನೇ ಕಾಲುವೆ ಹರಿಯುತ್ತದೆ. 1784ರಲ್ಲಿ ಅದನ್ನು ತೋಡಲು ಹೊರಟದ್ದೇ ಪ್ಯಾರಿಸ್ಸಿಗೆ ಸೌದೆ ಸಲೀಸಾಗಿ ಹೋಗಲಿ ಅಂತ. ಮುಗಿಯುವಷ್ಟರಲ್ಲಿ 1840ರ ದಶಕ. ಆಮೇಲೆ ಸೌದೆ ದೋಣಿ ಏರಿತು. ದೋಣಿ ಇದ್ದರೆ ತೆಪ್ಪ ಕಟ್ಟುವವನು ಯಾಕೆ? ಅಷ್ಟರಲ್ಲಿ ಪ್ಯಾರಿಸ್ಸಿಗೆ ಕಲ್ಲಿದ್ದಲು ಬಂತು. 1870ರ ದಶಕದಲ್ಲಿ ತೆಪ್ಪಗಳು ನಿಂತವು. ಬಿಡಿ ಕೊರಡು ತೇಲಿಸೋದು 1923ಕ್ಕೆ ಮುಗಿಯಿತು.

ಆಫೀಸಿನಲ್ಲಿ ಈಗ ನನ್ನ ಕೆಲಸ ಏನು ಗೊತ್ತಾ? ನಾನು ಏನು ನೋಡುತ್ತೇನೆ, ಎಲ್ಲಿ ಅನುಮಾನ ಪಡುತ್ತೇನೆ, ಹೇಗೆ ತೀರ್ಮಾನಕ್ಕೆ ಬರುತ್ತೇನೆ, ಎಲ್ಲವನ್ನೂ ಬರೆದುಕೊಡೋದು. ಅದನ್ನು ಸಾಫ್ಟ್‌ವೇರಿಗೆ ಕಲಿಸುತ್ತಾರೆ. ನಿಮ್ಮ ಕೆಲಸ ಹಗುರವಾಗುತ್ತೆ ಅಂದರು. ನಿಜಕ್ಕೂ ಆಗಿದೆ. ಆದರೆ ಹಗುರವಾದಷ್ಟೂ ಭಯ ಜಾಸ್ತಿಯಾಗುತ್ತಿದೆ. ರಾತ್ರಿ ಎದ್ದು ಕೂರುತ್ತೇನೆ. ಮನೆ ಸಾಲ ಹಾಗೇ ಇದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ. ಇವಳಿಗೂ ಹೇಳಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಇರಲಿ, ಅಳಿಸಲ್ಲ. ಇದನ್ನು ಹಾಕುವ ಮೊದಲು ಇವಳ ಹತ್ತಿರ ಮಾತಾಡುತ್ತೇನೆ.

ನೀನು ಜುಲೈಗೆ ಬಾ. 14ನೇ ತಾರೀಕು ಕ್ಲಾಮ್ಸಿಯಲ್ಲಿ ನೀರಾಟ. ದೋಣಿಯ ತುದಿಯಲ್ಲಿ ನಿಂತು ಉದ್ದನೆಯ ಕೋಲಿನಿಂದ ಎದುರಿನವನನ್ನು ನೀರಿಗೆ ಕೆಡವಬೇಕು. ಕೊನೆಗೂ ಒದ್ದೆಯಾಗದೆ ಉಳಿದವನು ಆ ವರ್ಷದ 'ಒಣ ರಾಜ'. ಹೊನ್ನೆಮರಡಿನಲ್ಲಿ ನಡೆದದ್ದನ್ನು ನೋಡಿದ ಮೇಲೆ ನಿನಗೆ ಟವೆಲ್ ನಾನೇ ತರುತ್ತೇನೆ. ಊರಿನ ಹೆಸರುವಾಸಿ ತಿಂಡಿ ಹಂದಿ ಕರುಳಿನ ಸಾಸೇಜು, ಅದು ನಿನಗಾಗಲ್ಲ. ಅಮ್ಮನ ಹತ್ತಿರ ಚಟ್ನಿಪುಡಿ ಇಸ್ಕೊಂಡು ಬಾ, ನನಗೂ ಸೇರಿಸಿ.

ನಿನ್ನ,
ಗುಂಡ