ಐದು ವರ್ಷದ ನಂತರ ಒಂದು ಥ್ಯಾಂಕ್ಸ್

ಈ ವಾರಕ್ಕೆ ಸರಿಯಾಗಿ ಐದು ವರ್ಷ. ಆಗ ನನಗೆ 43. ಹಾರ್ಟ್ ಅಟ್ಯಾಕ್ ಆಗಿತ್ತು. ಮೊನ್ನೆ ಚೆಕಪ್‌ಗೆ ಹೋದಾಗ ಡಾಕ್ಟರು ಸ್ಕ್ಯಾನ್ ನೋಡಿ, 'ರಕ್ತನಾಳ ವಾಸಿಯಾಗಿದೆ, ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ' ಎಂದರು. ಮನೆಗೆ ಬಂದು ಅತ್ತುಬಿಟ್ಟೆ. ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಎಂದು ಅವತ್ತಿನಿಂದ ಲೆಕ್ಕ ಹಾಕುತ್ತಿದ್ದೇನೆ. ನಾನು ಮುಖವನ್ನೇ ನೋಡದವರು ಅದರಲ್ಲಿ ಜಾಸ್ತಿ.

ಮೊದಲು ನನ್ನ ತಂಗಿ. ಆ ರಾತ್ರಿ ಎದೆ ಹಿಂಡಿದ ಹಾಗಾಯಿತು. ದವಡೆ ನೋವು, ಬೆವರು, ವಾಕರಿಕೆ. ಮೊದಲು ಹೋದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ನಾರ್ಮಲ್ ಬಂತು. 'ಗ್ಯಾಸ್ಟ್ರಿಕ್ ಇರಬೇಕು, ಟೆನ್ಶನ್ ಕಡಿಮೆ ಮಾಡಿಕೊಳ್ಳಿ' ಎಂದು ಚೀಟಿ ಬರೆದುಕೊಟ್ಟು ಕಳಿಸಿದರು. ನಾನೂ ನಂಬಿದೆ. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ವಾಕಿಂಗ್ ಮಾಡುವವಳು ನಾನು. ತಂಗಿ ನಂಬಲಿಲ್ಲ. ಬೆಳಗಿನ ಜಾವ ನೋವು ಮತ್ತೆ ಬಂದಾಗ, 'ಅಕ್ಕಾ, ಏಳು, ಬೇರೆ ಕಡೆ ಹೋಗೋಣ' ಎಂದು ಹೆಚ್ಚುಕಡಿಮೆ ಎತ್ತಿಕೊಂಡೇ ಹೋದಳು. ಅವಳು ಸುಮ್ನೆ ಮಲಗಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

ಎರಡನೇ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿದ್ದ ಡಾಕ್ಟರಮ್ಮನಿಗೆ ಎಷ್ಟು ನಮಸ್ಕಾರ ಹೇಳಿದರೂ ಸಾಲದು. ಅವರು ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ಮಾಡಿಸಿದರು. ಹೃದಯದ ಸ್ನಾಯುಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್ ಅದು. ನನ್ನದು 22 ಬಂತು. 'ಈ ಟೆಸ್ಟಿನಲ್ಲಿ ಗಂಡಸರ ಮಿತಿ 34, ಹೆಂಗಸರದ್ದು 16. ನಿಮ್ಮದು ನಾರ್ಮಲ್ ಅಲ್ಲಮ್ಮ' ಎಂದು ಅಡ್ಮಿಟ್ ಮಾಡಿಕೊಂಡರು. ಕೆಲವೇ ಗಂಟೆಗಳ ನಂತರ ಮತ್ತೆ ನೋಡಿದರೆ ಅದು ಹಲವು ಪಟ್ಟು ಏರಿತ್ತು.

ಆ 16 ಎಲ್ಲಿಂದ ಬಂತು ಎಂದು ಆಮೇಲೆ ಹುಡುಕಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋದ ತಂಡವೊಂದು ಎದೆನೋವೆಂದು ಆಸ್ಪತ್ರೆಗೆ ಬಂದ ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ಹೊಸ ಸೂಕ್ಷ್ಮ ಟೆಸ್ಟನ್ನು ಹೆಂಗಸರದ್ದೇ ಮಿತಿ ಇಟ್ಟು ನೋಡಿದಾಗ, ಹೃದಯಾಘಾತ ಎಂದು ಗುರುತಾದ ಹೆಂಗಸರ ಪ್ರಮಾಣ ಶೇ. 11ರಿಂದ 22ಕ್ಕೆ ಏರಿತು. ಅಂದರೆ ಅರ್ಧದಷ್ಟು ಹೆಂಗಸರು ಹಳೆ ಲೆಕ್ಕದಲ್ಲಿ ಕಣ್ಣಿಗೇ ಬಿದ್ದಿರಲಿಲ್ಲ. ಆ ಅಧ್ಯಯನದಲ್ಲಿ ರಕ್ತ ಕೊಟ್ಟ ಪ್ರತಿ ಹೆಂಗಸಿಗೂ ನನ್ನ ಥ್ಯಾಂಕ್ಸ್. ಎದೆನೋವಿನ ನಡುವೆಯೂ ನೀವು ಒಪ್ಪಿಕೊಂಡಿರಿ.

ಆಂಜಿಯೋಗ್ರಾಮ್‌ನಲ್ಲಿ ಕೊಬ್ಬಿನ ಬ್ಲಾಕ್ ಕಾಣಲಿಲ್ಲ. ನನಗೆ ಆಗಿದ್ದು ಸ್ಕ್ಯಾಡ್. ರಕ್ತನಾಳದ ಗೋಡೆಯ ಪದರ ತಾನಾಗಿ ಬಿಟ್ಟುಕೊಂಡು, ಅದರೊಳಗೆ ರಕ್ತ ತುಂಬಿ ದಾರಿ ಕಿರಿದಾಗುತ್ತದೆ. ಈ ಕಾಯಿಲೆ ಬರುವವರಲ್ಲಿ ಸುಮಾರು ಶೇ. 90 ಹೆಂಗಸರೇ. ಸ್ಟೆಂಟ್ ಹಾಕಲು ಹೋದರೆ ಸೀಳು ಇನ್ನಷ್ಟು ಉದ್ದವಾಗಬಹುದು. ರೋಗಿ ಸ್ಥಿರವಾಗಿದ್ದರೆ ಕಾದು ನೋಡುವುದೇ ಒಳ್ಳೆಯದು, ಎಷ್ಟೋ ಸಲ ತಾನೇ ಕೂಡಿಕೊಳ್ಳುತ್ತದೆ. ನನಗೂ ಹಾಗೇ ಆಯಿತು. ಸ್ಟೆಂಟ್ ಹಾಕದೆ ಕಾದ ಡಾಕ್ಟರ ತಂಡಕ್ಕೆ, ರಾತ್ರಿಯೆಲ್ಲ ಮಾನಿಟರ್ ನೋಡುತ್ತಾ ಕೂತ ನರ್ಸ್‌ಗಳಿಗೆ ಕೈ ಮುಗಿಯುತ್ತೇನೆ.

ಕಾಯುವುದೇ ಸರಿ ಎಂದು ಅವರಿಗೆ ತಿಳಿದಿತ್ತಲ್ಲ, ಅದರ ಹಿಂದೆಯೂ ರೋಗಿಗಳೇ ಇದ್ದಾರೆ. ಸ್ಕ್ಯಾಡ್ ತೀರಾ ಅಪರೂಪ, ಅಧ್ಯಯನಕ್ಕೆ ಜನ ಸಿಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದ ಕಾಲ. ಈ ಕಾಯಿಲೆಯಿಂದ ಬದುಕಿದ ಹೆಂಗಸರು ಇಂಟರ್‌ನೆಟ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡರು. ಅವರಲ್ಲೊಬ್ಬರು 2009ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಹೃದ್ರೋಗ ತಜ್ಞೆ ಶರೋನ್ ಹೇಯ್ಸ್ ಅವರ ಬಳಿ ಹೋಗಿ, 'ನಾವಿದ್ದೇವೆ, ನಮ್ಮನ್ನು ಅಧ್ಯಯನ ಮಾಡಿ' ಎಂದು ಕೇಳಿದರು. ಹೇಯ್ಸ್ ಒಪ್ಪಿದರು. ದೂರದೂರದ ಹೆಂಗಸರು ತಮ್ಮ ಹಳೆಯ ರಿಪೋರ್ಟುಗಳನ್ನು ಕಳಿಸಿಕೊಟ್ಟರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಗುಂಪಿಗೂ ಥ್ಯಾಂಕ್ಸ್ ಹೇಳಬೇಕು. ಮೊದಲ ಹೃದಯಾಘಾತವನ್ನು ಆಸ್ಪಿರಿನ್ ತಡೆಯುತ್ತದೆಯೇ ಎಂದು 1980ರ ದಶಕದಲ್ಲಿ 22,071 ಡಾಕ್ಟರುಗಳ ಮೇಲೆ ಅಧ್ಯಯನ ನಡೆಯಿತು. ಅಷ್ಟೂ ಜನ ಗಂಡಸರು. ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಔಷಧಿಯ ಮೊದಲ ಹಂತದ ಪ್ರಯೋಗಗಳಿಂದ ಹೊರಗಿಡಬೇಕೆಂಬ ಸೂಚನೆ ಅಮೆರಿಕದಲ್ಲಿ 1977ರಿಂದ 1993ರವರೆಗೂ ಇತ್ತು. ಆಮೇಲೆ ಸುಮಾರು 40,000 ಹೆಂಗಸರು ಮುಂದೆ ಬಂದರು. ಹತ್ತು ವರ್ಷ ದಿನ ಬಿಟ್ಟು ದಿನ ಒಂದು ಮಾತ್ರೆ ನುಂಗಿದರು. ಅದು ಆಸ್ಪಿರಿನ್ನೋ ಬರೀ ಹುಸಿ ಮಾತ್ರೆಯೋ ಅವರಿಗೇ ಗೊತ್ತಿರಲಿಲ್ಲ. 2005ರಲ್ಲಿ ಬಂದ ಉತ್ತರ ಗಂಡಸರದ್ದಕ್ಕಿಂತ ಬೇರೆಯೇ ಆಗಿತ್ತು. ಒಟ್ಟಾರೆ ನೋಡಿದರೆ ಹೃದಯಾಘಾತ ಕಡಿಮೆಯಾಗಲಿಲ್ಲ, ಪಾರ್ಶ್ವವಾಯು ಕಡಿಮೆಯಾಯಿತು. ಹುಸಿ ಮಾತ್ರೆ ಸಿಕ್ಕ ಆ ಅರ್ಧದಷ್ಟು ಹೆಂಗಸರ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಅವರಿಲ್ಲದೆ ಹೋಲಿಸಿ ನೋಡುವುದಕ್ಕೇ ಆಗುತ್ತಿರಲಿಲ್ಲ, ಅಲ್ವಾ?

ಕೆಲಸ ಇನ್ನೂ ಬಾಕಿ ಇದೆ. 2010ರಿಂದ 2017ರ ನಡುವಿನ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಹೆಂಗಸರು ಶೇ. 38ರಷ್ಟೇ ಇದ್ದರು. ಓಡಾಡಲು ಪುರುಸೊತ್ತಿಲ್ಲದೆ ಬಿಟ್ಟವರಿರಬಹುದು. ಯಾರೂ ಕೇಳದೇ ಇದ್ದವರೂ ಇರಬಹುದು. ನನ್ನನ್ನು ಕೇಳಿದರು. ಕಳೆದ ತಿಂಗಳು ಹೆಂಗಸರ ಹೃದಯದ ಬಗ್ಗೆ ನಡೆಯುತ್ತಿರುವ ಒಂದು ಅಧ್ಯಯನಕ್ಕೆ ಸೇರಿಕೊಂಡೆ. ಒಪ್ಪಿಗೆ ಪತ್ರವನ್ನು ಸಾಲು ಸಾಲಾಗಿ ಓದಿ ಹೇಳಿ, ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟ ಆ ಹುಡುಗಿಗೂ ಥ್ಯಾಂಕ್ಸ್.

ಮೊದಲ ರಾತ್ರಿಯ ಕಾಗದ ಏನಾದರೂ ಇದೆಯಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ತಂಗಿ ಬ್ಯಾಗಿನಿಂದ ಫೈಲ್ ತೆಗೆದಳು. ಗ್ಯಾಸ್ಟ್ರಿಕ್ ಎಂದು ಬರೆದ ಆ ಚೀಟಿ, ಜೊತೆಗೆ ಆ ಇಸಿಜಿ, ಎರಡನ್ನೂ ಐದು ವರ್ಷ ಜೋಪಾನ ಮಾಡಿದ್ದಳು. ಅವರು ಜೆರಾಕ್ಸ್ ತೆಗೆದುಕೊಂಡು ವಾಪಸ್ ಕೊಟ್ಟರು. ತಂಗಿ ಮತ್ತೆ ಅದೇ ಫೈಲಿಗೆ ಸೇರಿಸಿಟ್ಟುಕೊಂಡಳು.